ಮರುಳಪ್ಪ ಮೇಷ್ಟ್ರ ಕಾಲು

ನನ್ನ ಹೆಸರು ಗುರುಪಾದಪ್ಪ. ಆದರೆ ಆ ಹೆಸರು ಹಿಡಿದು ಕೇಳಿದರೆ ನಮ್ಮೂರಿನಲ್ಲಿ ಯಾರೂ ನನ್ನ ಮನೆ ತೋರಿಸಲಾರರು. ವಾಯಿದೆ ವಕೀಲರ ಮನೆ ಎಲ್ಲಿ ಅಂತ ಕೇಳಬೇಕು; ಆಗ ಬೀಡಾ ಅಂಗಡಿಯವನೂ ಕೈ ಎತ್ತಿ ತೋರಿಸುತ್ತಾನೆ. ಬೇರೆ ಊರುಗಳಲ್ಲಿ ಕೇಸು ಗೆದ್ದುಕೊಡುವ ವಕೀಲನಿಗೆ ಬೆಲೆಯಂತೆ. ನಮ್ಮಲ್ಲಿ ಕೇಸು ಮುಗಿಯದ ಹಾಗೆ ನೋಡಿಕೊಳ್ಳುವವನಿಗೆ ಬೆಲೆ. ಯಾಕೆಂದರೆ ನಮ್ಮೂರಿನಲ್ಲಿ, ಎದುರಿಗೆ ಇನ್ನೊಂದು ಗಾಡಿ ಇಲ್ಲದೆ, ತನ್ನಷ್ಟಕ್ಕೆ ತಾನೇ ಹೋಗಿ ಮರಕ್ಕೋ ಮೋರಿಗೋ ಗುದ್ದಿದ ಗಾಡಿಯಲ್ಲಿ ಸತ್ತವರು, ಆ ಕೇಸಿನ ತೀರ್ಪು ಬರುವ ತನಕ ಸೀಟು ಬಿಟ್ಟು ಏಳುವುದಿಲ್ಲ. ಹೇಗೆ ಕೂತಿದ್ದರೋ ಹಾಗೇ ಕೂತಿರುತ್ತಾರೆ; ಕೈ ಕತ್ತು ಆಡಿಸಬಲ್ಲರು, ಕಾಲು ಮಾತ್ರ ಕದಲದು. ಮಾತಾಡುತ್ತಾರೆ, ನಗುತ್ತಾರೆ, ಸೆಕೆ ಅನ್ನುತ್ತಾರೆ. ಜಡ್ಜು ತೀರ್ಪಿಗೆ ಸಹಿ ಹಾಕಿದ ಗಳಿಗೆಯಲ್ಲಿ ಇಲ್ಲವಾಗುತ್ತಾರೆ. ಎರಡು ಗಾಡಿ ಡಿಕ್ಕಿಯಾದರೆ ಈ ಸವಲತ್ತಿಲ್ಲ. ಆಗ ಎಲ್ಲ ಊರಿನವರ ಹಾಗೆ ಸಾಯುವುದೇ.

ಅವರನ್ನು ನಾವು ಸತ್ತವರು ಅನ್ನುವುದಿಲ್ಲ, ಕೂತವರು ಅನ್ನುತ್ತೇವೆ. ತೀರ್ಪಾಗುವವರೆಗೆ ಗಾಡಿಯನ್ನು ಬಿದ್ದ ಜಾಗದಿಂದ ಕದಲಿಸುವಂತಿಲ್ಲವಾದ್ದರಿಂದ ರಸ್ತೆಯೇ ಪಕ್ಕಕ್ಕೆ ಸರಿದುಕೊಳ್ಳುತ್ತದೆ. ಹೀಗೆ ಸರಿದೂ ಸರಿದೂ ನಮ್ಮೂರಿನಲ್ಲಿ ನೆಟ್ಟಗಿರುವ ರಸ್ತೆ ಒಂದೂ ಉಳಿದಿಲ್ಲ. ಹೊಸ ತಿರುವುಗಳಲ್ಲಿ ಹೊಸ ಗಾಡಿಗಳು ಬೀಳುತ್ತವೆ. ಅದಕ್ಕಿಂತ ಕೆಟ್ಟ ಚಾಳಿ ಇನ್ನೊಂದಿದೆ: ಎದುರಿಗೆ ಲಾರಿ ಮೈಮೇಲೆ ಬಂತು ಅನ್ನಿ, ನಮ್ಮ ಹುಡುಗರು ಬ್ರೇಕ್ ತುಳಿಯುವ ಬದಲು ಸ್ಟೀರಿಂಗನ್ನು ಮರದ ಕಡೆ ತಿರುಗಿಸುತ್ತಾರೆ. ಹಾಳಾದವರು! ಬದುಕುವ ದಾರಿ ಹುಡುಕುವುದು ಬಿಟ್ಟು ಕೂರುವ ದಾರಿ ಹುಡುಕುತ್ತಾರೆ. ಇನ್ನು ಮನೆಯವರೋ, ಒಗ್ಗಿಕೊಂಡುಬಿಟ್ಟಿದ್ದಾರೆ. ಹಾಲಿನ ನಾಗೇಂದ್ರಪ್ಪನ ಮಗ ತಾಳಿ ಕಟ್ಟಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಬೈಪಾಸಿನ ಪಕ್ಕ ನುಜ್ಜುಗುಜ್ಜಾಗಿ ನಿಂತ ವ್ಯಾನಿಗೆ ಹೋಗಿ ಅಪ್ಪನ ಕಾಲಿಗೆ ನಮಸ್ಕಾರ ಮಾಡಿಸಿದ. ನಾಗೇಂದ್ರಪ್ಪ ಸೊಸೆಯನ್ನು ನೋಡಿ, "ತೆಳ್ಳಗಿದ್ದಾಳಲ್ಲೋ, ಹಾಲು ಕುಡಿಸು," ಅಂದನಂತೆ. ಆ ಕೇಸನ್ನು ಎಳೆಯುತ್ತಿದ್ದವನು ನಾನೇ. ನನಗೆ ಮದುವೆ ಊಟದಲ್ಲಿ ಮೊದಲನೇ ಪಂಕ್ತಿ.

ಕೂತವರ ವಿಷಯದಲ್ಲಿ ಊರು ಒಂದೆರಡು ಪದ್ಧತಿ ಪಾಲಿಸುತ್ತದೆ. ಅವರಿಗೆ ಕೆಟ್ಟ ಸುದ್ದಿ ಹೇಳಬಾರದು. ಗಾಡಿ ಬಿದ್ದ ಸುದ್ದಿ ತಿಳಿದ ಕೂಡಲೇ ಮನೆಯವರು ಓಡಿಹೋಗಿ ಅವರ ಮಡಿಲ ಮೇಲೊಂದು ಕಂಬಳಿ ಹೊದಿಸಬೇಕು. ಆ ಕಂಬಳಿಯನ್ನು ಮನೆಯವರ ಹೊರತು ಇನ್ನೊಬ್ಬರು ಮುಟ್ಟುವಂತಿಲ್ಲ, ಪೊಲೀಸರೂ ಮುಟ್ಟುವುದಿಲ್ಲ. ಅವರು ಕಟಕಟೆಗೆ ಬಂದು ನಿಲ್ಲಲಾರರಲ್ಲ, ಹಾಗಾಗಿ ಅವರ ಪರವಾಗಿ ಕೋರ್ಟಿನಲ್ಲಿ ಮಾತಾಡುವ ಹಕ್ಕು ಮನೆಯವರಿಗೆ ಮಾತ್ರ. ಮನೆಯವರು ಆಡಿದ ಮಾತನ್ನು ಯಾವ ಜಡ್ಜೂ ಪ್ರಶ್ನೆ ಮಾಡಿದ್ದಿಲ್ಲ.

ಮರುಳಪ್ಪ ಮೇಷ್ಟ್ರು ಕೂತದ್ದು ಕೆರೆಕೋಡಿಯ ತಿರುವಿನಲ್ಲಿ. ಅವರು ಶಾಲೆ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನವರು. ಊರಿನಲ್ಲಿ ಅರ್ಧದಷ್ಟು ಜನ ಅವರ ಕೈಯಲ್ಲೇ ಕಲಿತದ್ದು. ಕಲಿಸುವ ಕಾರಿನಲ್ಲಿ ಎಡಗಡೆ ಕೂತವರ ಕಾಲಬುಡದಲ್ಲೂ ಒಂದು ಬ್ರೇಕು ಇರುತ್ತದೆ, ಗೊತ್ತಲ್ಲ. "ನನ್ನ ಕಾಲು ಬ್ರೇಕ್ ಮೇಲೈತೆ, ನೀನು ಹೆದರಬೇಡ, ಬಿಡು ಮುಂದಕ್ಕೆ" ಅನ್ನುವುದು ಅವರ ಮಾತು. ಆ ಮಾತಿನ ಧೈರ್ಯದ ಮೇಲೆ ಎಂಥ ಪುಕ್ಕಲರೂ ಲೈಸೆನ್ಸ್ ತೆಗೆದುಕೊಂಡಿದ್ದಾರೆ. ಆವತ್ತು ಬೆಳಿಗ್ಗೆ ಸ್ಟೀರಿಂಗ್ ಹಿಡಿದಿದ್ದವಳು ಲೋಲಾಕ್ಷಿ, ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಹುಡುಗಿ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸಬೇಕೆಂಬುದು ಅವಳ ಆಸೆ. ತಿರುವಿನಲ್ಲಿ ಗಾಬರಿಯಾಗಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಳು. ಕಲಿಯುವವರು ಮಾಡುವ ತಪ್ಪೇ ಅದು. ಕಾರು ಸೀದಾ ಹೋಗಿ ಮೋರಿಯ ಕಟ್ಟೆಗೆ ಗುದ್ದಿತು. ಎದುರಿಗೆ ಒಂದು ನಾಯಿಯೂ ಇರಲಿಲ್ಲ. ಮೇಷ್ಟ್ರು ಕೂತರು. ಹುಡುಗಿಯ ಸೊಂಟದ ಮೂಳೆ ಮುರಿದು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ, ಆಮೇಲೆ ಕೋಲು ಹಿಡಿದು ನಡೆಯುವ ಹಾಗಾಯಿತು.

ಪೊಲೀಸರು ಬರೆದುಕೊಂಡದ್ದು ಇಷ್ಟೇ: ಸ್ಟೀರಿಂಗ್ ಹಿಡಿದವಳು ಲೋಲಾಕ್ಷಿ, ಅಜಾಗರೂಕತೆಯಿಂದ ಓಡಿಸಿ ಒಬ್ಬರ ಸಾವಿಗೆ ಕಾರಣಳಾದಳು. ಹುಡುಗಿ ಆಸ್ಪತ್ರೆಯಲ್ಲಿ ಮಲಗಿಕೊಂಡೇ, "ನಾನು ತಪ್ಪು ತುಳಿದಿದ್ದು ನಿಜ ಸಾರ್, ಆದ್ರೆ ಮೇಷ್ಟ್ರ ಬ್ರೇಕು ಬೀಳ್ಲಿಲ್ಲ," ಅಂದಳಂತೆ. ಸಬ್‌ಇನ್ಸ್‌ಪೆಕ್ಟರ್ ನಕ್ಕುಬಿಟ್ಟ. ಅವನೂ ಮೇಷ್ಟ್ರ ಹತ್ತಿರವೇ ಕಲಿತವನು. ಮೇಷ್ಟ್ರ ಕಾಲು ಬ್ರೇಕಿನ ಮೇಲಿರಲಿಲ್ಲ ಅಂದರೆ ಊರಿನಲ್ಲಿ ಯಾರು ನಂಬುತ್ತಾರೆ?

ಮೇಷ್ಟ್ರ ಹೆಂಡತಿ ಗಂಗಾಂಬಿಕೆಯವರು ನನ್ನ ಆಫೀಸಿಗೆ ಬಂದದ್ದು ಕೇಸು ಕೋರ್ಟಿಗೆ ಬಂದ ವಾರವೇ. ಕುರ್ಚಿ ತೋರಿಸಿದರೂ ಕೂರಲಿಲ್ಲ. "ನಂಗೆ ಗೆಲ್ಲೋದು ಸೋಲೋದು ಏನೂ ಬ್ಯಾಡ ಲಾಯರ್ರೇ. ಅವರು ಅಲ್ಲೇ ಇರ್ಲಿ. ಮಾತಾಡ್ಕೊಂಡು ಇರ್ಲಿ. ಅಷ್ಟು ಮಾಡಿ," ಅಂದರು. ಮಕ್ಕಳಿಲ್ಲದವರು. ಗಂಡ ಹೆಂಡತಿ ಇಬ್ಬರೇ ಮನೆಯಲ್ಲಿ ಜಗಳವಾಡಿಕೊಂಡು, ನಕ್ಕುಕೊಂಡು ಇದ್ದವರು. ಆಗಲಿ ಅಮ್ಮ ಅಂದೆ.

ಆಮೇಲೆ ನಾನು ನನ್ನ ವಿದ್ಯೆಯನ್ನೆಲ್ಲ ಹೊರತೆಗೆದೆ. ಸಾಕ್ಷಿಗೆ ಜ್ವರ ಬರಿಸಿದೆ. ನಕಾಶೆಯಲ್ಲಿ ಮೋರಿ ಬಲಗಡೆ ಇದೆಯೋ ಎಡಗಡೆ ಇದೆಯೋ ಅಂತ ಒಂದು ಮಳೆಗಾಲ ಪೂರ್ತಿ ವಾದ ಮಾಡಿದೆ. ವಾಯಿದೆ ಕೇಳುವ ನೆಪಕ್ಕೆ ನನ್ನ ಅಜ್ಜಿಯನ್ನು ಎಷ್ಟು ಸಲ ಸಾಯಿಸಿದೆನೋ ಲೆಕ್ಕವಿಲ್ಲ. ಗಂಗಾಂಬಿಕೆಯವರು ದಿನಾ ಬೆಳಿಗ್ಗೆ ಮನೆಗೆಲಸ ಮುಗಿಸಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಕೆರೆಕೋಡಿಗೆ ಹೋಗುವರು. ಕೂತವರು ಕುಡಿಯುವುದಿಲ್ಲ, ಆದರೆ ವಾಸನೆ ಇಷ್ಟಪಡುತ್ತಾರೆ. ಮುಚ್ಚಳಕ್ಕೆ ಬಗ್ಗಿಸಿ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಸ್ಟೀರಿಂಗಿನ ಮುಂದಿನ ಸೀಟಿನಲ್ಲಿ ಕೂತು, ಊರಿನ ಕಥೆಯನ್ನೆಲ್ಲ ಹೇಳುವರು. ಮೇಷ್ಟ್ರು ಕೊನೆಗೆ ಕೇಳುವುದು ಒಂದೇ: "ಆ ಹುಡುಗಿ ಹ್ಯಾಗವಳೆ?" ಇವರು ಹೇಳುವುದೂ ಒಂದೇ: "ಚೆನ್ನಾಗವಳೆ. ಲೈಸೆನ್ಸ್ ಬಂತಂತೆ. ವ್ಯಾನು ಓಡುಸ್ತಾವಳೆ." ಕೆಟ್ಟ ಸುದ್ದಿ ಹೇಳಬಾರದಲ್ಲ.

ಒಂದು ದಿನ ಅರ್ಜಿಗೆ ಗಂಗಾಂಬಿಕೆಯವರ ಸಹಿ ಬೇಕಾಗಿತ್ತು ಅಂತ ನಾನೇ ಕೆರೆಕೋಡಿಗೆ ಹೋದೆ. ಗಾಳಿ ಜೋರಾಗಿತ್ತು. ಒಡೆದ ಕಿಟಕಿಯಿಂದ ನುಗ್ಗಿದ ಗಾಳಿಗೆ ಮೇಷ್ಟ್ರ ಮಡಿಲ ಕಂಬಳಿ ಹಾರಿಹೋಗಿ ಗೇರಿನ ಮೇಲೆ ಬಿತ್ತು. ಗಂಗಾಂಬಿಕೆಯವರು ಹೌಹಾರಿ ಹಿಡಿಯುವಷ್ಟರಲ್ಲಿ ನಾನು ನೋಡಿಯಾಗಿತ್ತು. ಮೇಷ್ಟ್ರು ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು, ಜಗುಲಿಯ ಮೇಲೆ ಕೂತವರ ಹಾಗೆ. ಬ್ರೇಕಿನ ಹತ್ತಿರ ಅವರ ಎಕ್ಕಡ ಮಾತ್ರ ಇತ್ತು.

ಗಂಗಾಂಬಿಕೆಯವರು ಕಂಬಳಿಯನ್ನು ಬಿಗಿಯಾಗಿ ಸಿಕ್ಕಿಸಿ, ನನ್ನನ್ನು ರಸ್ತೆಯ ಆಚೆ ಕರೆದುಕೊಂಡು ಹೋದರು. "ನೋಡಿದ್ರಾ?"

"ಏನನ್ನ?" ಅಂದೆ. ವಕೀಲನ ನಾಲಿಗೆ, ಹಾಗೇ ಹೊರಳುವುದು.

"ನೋಡಿದ್ರಿ," ಅಂದರು. "ಮೊಣಕಾಲು ನೋವು ಅಂತಿದ್ರು ಒಂದು ವರ್ಷದಿಂದ. ಹುಡುಗಿ ಚೆನ್ನಾಗಿ ಓಡುಸ್ತಿತ್ತಂತೆ. ಒಂದು ಗಳಿಗೆ ಅಂತ ಮಡಚ್ಕೊಂಡ್ರಂತೆ. ಅವರೇ ಹೇಳಿದ್ರು ನಂಗೆ. ಆವತ್ತು ನಾನು ಮೊದ್ಲು ಓಡ್ಬಂದು ಕಂಬ್ಳಿ ಹೊದಿಸ್ದೆ. ಪೋಲಿಸ್ರು ಆಮೇಲೆ ಬಂದ್ರು. ನಾನೇನೂ ಬೇಕು ಅಂತ ಮುಚ್ಚಿದ್ದಲ್ಲ, ಪದ್ಧತಿ ಹಂಗೆ ಐತೆ." ಅವರು ಬಾಯಿಬಿಟ್ಟರೆ ಕೇಸು ಅವತ್ತೇ ಮುಗಿಯುತ್ತದೆ, ಮೇಷ್ಟ್ರು ಹೋಗುತ್ತಾರೆ, ಹೋಗುವಾಗ ತಪ್ಪನ್ನು ಹೊತ್ತುಕೊಂಡು ಹೋಗುತ್ತಾರೆ. ಬಾಯಿಬಿಡದಿದ್ದರೆ ಹುಡುಗಿ ಆರೋಪಿಯಾಗಿಯೇ ಉಳಿಯುತ್ತಾಳೆ. ನಾನು ಸಹಿ ಹಾಕಿಸಿಕೊಂಡು ಬಂದೆ. ಮುಂದಿನ ವಾಯಿದೆಯೂ ಸಿಕ್ಕಿತು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಹೊಸ ಜಡ್ಜ್ ಮೇಡಂ ವರ್ಗವಾಗಿ ಬಂದರು. ಹೊರಗಿನವರು. ಹಳೇ ಕೇಸುಗಳ ಕಟ್ಟು ನೋಡಿದವರೇ, ಒಂದೂ ಬಾಕಿ ಇರಬಾರದು ಅಂದರು. ಮೊದಲ ತಿಂಗಳಲ್ಲೇ ಬೈಪಾಸಿನ ಗಾಡಿಗಳು ಒಂದೊಂದಾಗಿ ಖಾಲಿಯಾದವು. ಹಾಲಿನ ನಾಗೇಂದ್ರಪ್ಪ ಹೋದ. ಅವನ ಸೊಸೆ ಬಸುರಿ ಹೊಟ್ಟೆ ಹೊತ್ತುಕೊಂಡು ಖಾಲಿ ವ್ಯಾನಿನ ಮುಂದೆ ನಿಂತು ಗೋಳೋ ಅಂತ ಅತ್ತದ್ದನ್ನು ನಾನೇ ನೋಡಿದೆ. ನಾನು ಮೇಷ್ಟ್ರ ಕೇಸಿಗೆ ಮತ್ತೆ ಅಜ್ಜಿಯ ಸಾವನ್ನೇ ಹಿಡಿದುಕೊಂಡು ಹೋದರೆ, ಮೇಡಂ ಕನ್ನಡಕ ತೆಗೆದು, "ವಕೀಲರೇ, ತಮ್ಮ ಅಜ್ಜಿಯವರಿಗೆ ಇನ್ನಾದರೂ ನೆಮ್ಮದಿ ಸಿಗಲಿ ಬಿಡಿ," ಅಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ಮುಂದಿನ ತಾರೀಕೇ ಕೊನೆ, ಅವತ್ತು ಮನೆಯವರು ಹೇಳುವುದೇನಾದರೂ ಇದ್ದರೆ ಹೇಳಲಿ, ಇಲ್ಲದಿದ್ದರೆ ಮಧ್ಯಾಹ್ನಕ್ಕೆ ತೀರ್ಪು ಅಂತ ಬರೆಸಿಬಿಟ್ಟರು. ಯಾವ ತೀರ್ಪು ಅನ್ನುವುದು ಕಟಕಟೆಯ ಕಂಬಕ್ಕೂ ಗೊತ್ತಿತ್ತು. ಹುಡುಗಿಗೆ ಜೈಲು.

ಆದರೂ ನಾನು ಸೋಲೊಪ್ಪುವ ಆಸಾಮಿಯಲ್ಲ. ಮೇಲಿನ ಕೋರ್ಟಿಗೆ ಹೋಗಿ ತಡೆ ತರುವ ದಾರಿ ಒಂದಿತ್ತು. ಅದನ್ನು ಹೇಳಲು ಹಿಂದಿನ ದಿನ ಗಂಗಾಂಬಿಕೆಯವರ ಮನೆಗೆ ಹೋದೆ. ಅವರು ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ವಿಷಯ ತೆಗೆಯುವ ಹೊತ್ತಿಗೆ ಗೇಟು ಕಿರ್ರೆಂದಿತು. ಲೋಲಾಕ್ಷಿ. ಕೋಲೂರಿಕೊಂಡು ಒಬ್ಬಳೇ ಬಂದಿದ್ದಳು. ಜಾಮೀನಿನ ಷರತ್ತಿನ ಪ್ರಕಾರ ಅವಳು ಕೆರೆಕೋಡಿಯ ಕಡೆ ಸುಳಿಯುವಂತಿರಲಿಲ್ಲ. ಈ ಮನೆಗೆ ಬರಬಾರದು ಅಂತ ಯಾರೂ ಬರೆದಿರಲಿಲ್ಲ.

ಬೈಯುತ್ತಾಳೆ, ಇಲ್ಲ ಕಾಲಿಗೆ ಬೀಳುತ್ತಾಳೆ ಅಂತ ನಾನು ಅಂದುಕೊಂಡೆ. ಎರಡೂ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂರಲಾರದೆ ಗೋಡೆಗೆ ಒರಗಿ ನಿಂತಳು. "ಅಮ್ಮಾವ್ರೇ, ನಾಳೆ ನಾನು ಒಪ್ಕಂಡ್ಬಿಡ್ತೀನಿ," ಅಂದಳು.

ಗಂಗಾಂಬಿಕೆಯವರ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. "ಏನ್ ಒಪ್ಕತೀಯ?"

"ನಾನೇ ಸಾಯಿಸ್ದೆ ಅಂತ. ಮೊದ್ಲು ನಂಗೆ ಚೆನ್ನಾಗಿ ಜ್ಞಾಪಕ ಇತ್ತು ಅಮ್ಮಾವ್ರೇ, ಬ್ರೇಕು ಬೀಳ್ಲಿಲ್ಲ ಅಂತ. ಎಲ್ರೂ ಅಂದೂ ಅಂದೂ ಈಗ ನಂಗೇ ಅನುಮಾನ. ಮೇಷ್ಟ್ರು ಕಾಲು ತೆಗೀತಾರಾ? ಯಾವತ್ತಾದ್ರೂ ತೆಗ್ದಿದ್ದುಂಟಾ? ತುಳಿದೇ ಇರ್ತಾರೆ. ನಾನೇ ಅದಕ್ಕಿಂತ ಜೋರಾಗಿ ಆಕ್ಸಿಲರೇಟರ್ ಒತ್ತಿರ್ತೀನಿ. ಕನಸಲ್ಲೂ ಒತ್ತುತ್ತಾನೇ ಇರ್ತೀನಿ. ನಿಮ್ಮನ್ನ ಒಂಟಿ ಮಾಡ್ದೆ. ಕೋರ್ಟಲ್ಲಿ ಹೇಳೋಕೆ ಮುಂಚೆ ನಿಮ್ಗೆ ಹೇಳ್ಬೇಕು ಅನ್ನಿಸ್ತು." ಹುಡುಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕೈಮುಗಿದು, ಕೋಲೂರಿಕೊಂಡು, ಬಂದ ಹಾಗೇ ಹೋದಳು.

ಗೇಟು ಮುಚ್ಚಿದ ಮೇಲೆ ಗಂಗಾಂಬಿಕೆಯವರು, "ತಿನ್ನೋ ಅನ್ನ ಮೈಗೆ ಹತ್ತಿಲ್ಲ ಆ ಕೂಸಿಗೆ," ಅಂದರು. ನಾನು ಮೇಲಿನ ಕೋರ್ಟಿನ ಮಾತು ತೆಗೆದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಸಿಪ್ಪೆಯನ್ನು ಕಾಳಿನ ಬಟ್ಟಲಿಗೆ, ಕಾಳನ್ನು ಸಿಪ್ಪೆಯ ಮೊರಕ್ಕೆ ಹಾಕುತ್ತಿದ್ದರು. ನಾನು ಎದ್ದು ಬಂದೆ.

ಮಾರನೇ ದಿನ ಕೋರ್ಟಿನ ಗೇಟಿನಲ್ಲೇ ನನ್ನನ್ನು ಅಡ್ಡಗಟ್ಟಿದರು. ಒಗೆದ ಸೀರೆ, ಹಣೆಯಲ್ಲಿ ವಿಭೂತಿ. "ಇವತ್ತು ವಾಯಿದೆ ಬ್ಯಾಡ ಲಾಯರ್ರೇ. ನಾನು ಹೇಳ್ತೀನಿ."

"ಅಮ್ಮ, ಯೋಚನೆ ಮಾಡಿ. ಹೇಳಿದ ಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಮೇಡಂ ಅರ್ಧ ಗಂಟೇಲಿ ಸಹಿ ಹಾಕ್ತಾರೆ. ಊರೆಲ್ಲ ಮೇಷ್ಟ್ರನ್ನ ಏನನ್ನುತ್ತೆ?"

"ಅನ್ಲಿ. ರಾತ್ರಿಯೆಲ್ಲ ಯೋಚನೆ ಮಾಡೇ ಬಂದಿದೀನಿ," ಅಂದರು. "ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ನಾನು ಇಲ್ಲಿರ್ಬೇಕಲ್ಲ, ಅಲ್ಲಿರೋಕಾಗಲ್ಲ. ನೀವು ಹೋಗಿ ಅವರ ಪಕ್ಕ ಕೂತ್ಕಳಿ. ಹೋಗೋವಾಗ ಒಬ್ರೇ ಇರ್ಬಾರ್ದು. ಅಷ್ಟೇ." ಫ್ಲಾಸ್ಕನ್ನು ನನ್ನ ಕೈಗಿಟ್ಟು, ಹಿಂತಿರುಗಿ ನೋಡದೆ ಮೆಟ್ಟಿಲು ಹತ್ತಿದರು.

ನಾನು ಕರಿಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತಿದೆ. ನಿಜ ಹೇಳಬೇಕೆಂದರೆ, ಇಷ್ಟು ವರ್ಷ ಇಷ್ಟೊಂದು ಕೂತವರನ್ನು ಉಳಿಸಿಕೊಟ್ಟಿದ್ದೆನಲ್ಲ, ಒಬ್ಬರ ಪಕ್ಕದಲ್ಲೂ ಯಾವತ್ತೂ ಕೂತಿರಲಿಲ್ಲ. ಕೆರೆಕೋಡಿಯಲ್ಲಿ ಇಳಿದೆ. ಸ್ಟೀರಿಂಗ್ ಕಡೆಯ ಬಾಗಿಲು ತೆಗೆದು ಒಳಗೆ ತೂರಿಕೊಂಡೆ.

"ಏನ್ ಲಾಯರ್ರೇ, ಇಷ್ಟು ದೂರ?" ಅಂದರು ಮೇಷ್ಟ್ರು. "ಬೆಲ್ಟ್ ಹಾಕ್ಕಳಿ ಮೊದ್ಲು. ನನ್ನ ಗಾಡೀಲಿ ಬೆಲ್ಟ್ ಹಾಕ್ದೆ ಯಾರೂ ಕೂರಂಗಿಲ್ಲ." ನಾನು ಹಾಕಿಕೊಂಡೆ. ಕಾಫಿ ಬಗ್ಗಿಸಿ ಮುಂದೆ ಇಟ್ಟೆ. ಅವರು ಮೂಗೆಳೆದು, "ಇವತ್ತು ಪುಡಿ ಕಮ್ಮಿ ಹಾಕವ್ಳೆ. ಮನಸ್ಸು ಎಲ್ಲೋ ಇತ್ತು ಅಂತ ಕಾಣ್ತದೆ," ಅಂದರು. ಆಮೇಲೆ ಎಂದಿನ ಪ್ರಶ್ನೆ ಬಂತು. "ಆ ಹುಡುಗಿ ಹ್ಯಾಗವಳೆ?"

ಸುಳ್ಳು ಹೇಳುವುದು ನನಗೆ ಹೊಸದಲ್ಲ. ಅನ್ನ ತಿನ್ನುವುದೇ ಅದರಿಂದ. ಆದರೆ ಅವತ್ತು ನಾಲಿಗೆ ಏಳಲಿಲ್ಲ. ಪದ್ಧತಿ ಹಾಳಾಗಲಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಹುಡುಗಿಗೆ ವ್ಯಾನೂ ಇಲ್ಲ ಲೈಸೆನ್ಸೂ ಇಲ್ಲ, ಸೊಂಟ ಮುರಿದಿದೆ, ಸಾಯಿಸಿದವಳು ಅಂತ ಕೇಸಿದೆ, ಇವತ್ತು ತಾನೇ ಒಪ್ಪಿಕೊಂಡು ಜೈಲಿಗೆ ಹೋಗಲು ಹೊರಟಿದ್ದಾಳೆ ಅಂದೆ.

 ಮೇಷ್ಟ್ರು ಕಂಬಳಿಯನ್ನು ಎಳೆದು ಹಿಂದಿನ ಸೀಟಿಗೆ ಬಿಸಾಕಿದರು. ಮಡಚಿದ ಕಾಲುಗಳನ್ನು ನೋಡಿಕೊಂಡರು. "ಇಳಿಸ್ಬೇಕು ಅಂತ ಆವತ್ತಿಂದ ನೋಡ್ತಿದೀನಿ ಲಾಯರ್ರೇ. ಇಳಿಯಕ್ಕಿಲ್ಲ," ಅಂದರು. ಅವರ ಕಣ್ಣಲ್ಲಿ ನೀರು. "ಹುಡುಗಿ ಪಾಡು ಗಂಗಂಗೂ ಗೊತ್ತಿತ್ತು. ಗೊತ್ತಿದ್ದೂ ನಂಗೆ ಹೇಳ್ಲಿಲ್ಲ. ನನ್ನ ಇಟ್ಕಂಡಿರೋಕೆ."

"ಈಗ ಹೇಳೋಕೇ ಹೋಗಿದ್ದಾರೆ," ಅಂದೆ. "ಕೋರ್ಟಿನಲ್ಲಿದ್ದಾರೆ. ಇಷ್ಟು ಹೊತ್ತಿಗೆ ಕಟಕಟೆ ಹತ್ತಿರಬೇಕು."

ಅವರು ಗಕ್ಕನೆ ನನ್ನ ಕಡೆ ತಿರುಗಿದರು. ನಾನು ಏನೇನೋ ನಿರೀಕ್ಷಿಸಿದ್ದೆ. "ಒಬ್ಳೇನಾ?" ಅಂದರು.

"ಹೌದು. ನನ್ನನ್ನ ನಿಮ್ಮ ಹತ್ತಿರ ಕಳಿಸಿದರು."

"ಬುದ್ಧಿ ಐತೇನ್ರೀ ನಿಮ್ಗೆ?" ಮೇಷ್ಟ್ರ ದನಿ ಕಾರೆಲ್ಲ ತುಂಬಿತು. "ಅವ್ಳು ಬ್ಯಾಂಕಲ್ಲಿ ಸಹಿ ಹಾಕ್ಬೇಕಾದ್ರೂ ನನ್ನ ತೋಳು ಹಿಡ್ಕತಿದ್ಲು. ನಾಕು ಜನ ನೋಡಿದ್ರೆ ಕಾಲು ನಡುಗ್ತದೆ ಅವ್ಳಿಗೆ. ಅಲ್ಲಿ ಆ ಕಟಕಟೇಲಿ ಒಬ್ಳನ್ನೇ ನಿಲ್ಸಿ ಇಲ್ಲಿ ಬಂದು ಕಾಫಿ ಬಗ್ಗುಸ್ತಾ ಕೂತಿದೀರಾ? ನಂಗೆ ಏನ್ ಆಗ್ಬೇಕು ಇನ್ನ? ಏಳ್ರೀ ಮೇಲೆ! ಹೋಗಿ ಅವ್ಳ ಪಕ್ಕ ನಿಂತ್ಕಳಿ. ಹೋಗ್ರೀ ಅಂದ್ರೆ!"

ಆ ದನಿಗೆ ನಾನು ಚಿಕ್ಕ ಹುಡುಗನ ಹಾಗೆ ಗಡಬಡಿಸಿ ಎದ್ದೆ. ಬೆಲ್ಟು ಬಿಚ್ಚಲು ಬರಲಿಲ್ಲ. ಗುಂಡಿ ಒತ್ತಿದೆ, ಎಳೆದೆ, ಮತ್ತೆ ಒತ್ತಿದೆ. ಕೊನೆಗೆ ಅದು ಬಿಚ್ಚಿಕೊಂಡಿತು; ಒಂದು ಕಾಲು ನೆಲಕ್ಕೆ ಊರಿ, ಹೋಗಿ ಬರುತ್ತೇನೆ ಅನ್ನಲು ತಿರುಗಿದರೆ ಎಡಗಡೆಯ ಸೀಟು ಖಾಲಿ. ಎಕ್ಕಡ ಅಲ್ಲೇ ಇತ್ತು. ಮುಚ್ಚಳದಲ್ಲಿ ಕಾಫಿ ಇನ್ನೂ ಹಬೆಯಾಡುತ್ತಿತ್ತು.

ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಪುರಸಭೆಯ ಕ್ರೇನಿನವರು ಕಾರು ಎತ್ತಲು ಬಂದರು, ನನ್ನ ಮುಖ ನೋಡಿ ಆಚೆ ಬೀಡಿ ಸೇದಲು ಹೋದರು. ಆಮೇಲೆ ಕೆರೆಯ ಏರಿಯ ಮೇಲೆ ಇಬ್ಬರು ಬರುವುದು ಕಾಣಿಸಿತು. ಗಂಗಾಂಬಿಕೆಯವರು, ಅವರ ಹಿಂದೆ ಕೋಲೂರಿಕೊಂಡು ಲೋಲಾಕ್ಷಿ. ಹುಡುಗಿ ಕೆರೆಕೋಡಿಗೆ ಬರುವಂತೆ ಆಗಿತ್ತು ಅಂದರೆ ತೀರ್ಪೇನೆಂದು ಕೇಳಬೇಕಾಗಿರಲಿಲ್ಲ. ಅವಳು ದೂರದಲ್ಲೇ ನಿಂತಳು. ಗಂಗಾಂಬಿಕೆಯವರು ಕಾರಿನ ಹತ್ತಿರ ಬಂದರು, ಆದರೆ ಒಳಗೆ ನೋಡಲಿಲ್ಲ. ನನ್ನನ್ನೇ ನೋಡಿದರು.

"ಜೊತೇಲೇ ಇದ್ರಿ ತಾನೆ?"

ಇದ್ದೆ ಅಂದರೆ ಮುಗಿಯುತ್ತಿತ್ತು. "ಒಂದು ಕಾಲು ಹೊರಗಿಟ್ಟಿದ್ದೆ ಅಮ್ಮ," ಅಂದೆ. "ಇರಲು ಬಿಡಲಿಲ್ಲ ಅವರು. ಕೋರ್ಟಿನಲ್ಲಿ ನೀವೊಬ್ಬರೇ ಇದ್ದೀರಿ ಅಂತ ಗೊತ್ತಾದದ್ದೇ ತಡ, ನಿಮ್ಮ ಹತ್ತಿರ ಹೋಗಿ ಅಂತ ಬೈದು ಎಬ್ಬಿಸಿದರು."

"ಬೈದ್ರಾ?"

"ಬುದ್ಧಿ ಇದೆಯಾ ನಿಮಗೆ ಅಂದರು."

ಗಂಗಾಂಬಿಕೆಯವರ ಮುಖದಲ್ಲಿ ನಗುವೋ ಏನೋ ಒಂದು ಎದ್ದು, ಅರ್ಧಕ್ಕೇ ಮುರಿಯಿತು. "ಕಾಲು ನಡುಗ್ತಿತ್ತು ಲಾಯರ್ರೇ," ಅಂದರು, "ನಿಂತ್ಕಳಕಾಗ್ಲಿಲ್ಲ," ಅಂದರು, ಮತ್ತು ಅಲ್ಲೇ, ರಸ್ತೆಯ ಮಧ್ಯದಲ್ಲೇ ಕುಸಿದು ಕೂತರು. ಎದುರಿನಿಂದ ಬಂದ ಗಾಡಿಗಳೆಲ್ಲ ನಿಧಾನ ಮಾಡಿ, ಅವರನ್ನು ಬಳಸಿಕೊಂಡು ಹೋದವು.